ಗೊಂದಲದ ಮೂರು ಪದರ: ‘ದಿ ಬಿಗ್ ಸ್ಲೀಪ್’ ಚಿತ್ರದ ಎರಡು ಪಾಠಗಳನ್ನು ಕುರಿತು

1. ಸಮಸ್ಯೆ

ಹಾವರ್ಡ್ ಹಾಕ್ಸ್ ನಿರ್ದೇಶನದ ‘ದಿ ಬಿಗ್ ಸ್ಲೀಪ್’ (1946) ಚಿತ್ರವನ್ನು ಮೆಚ್ಚುವವರು ಒಂದು ಮಾತನ್ನು ತಪ್ಪದೆ ಸೇರಿಸುತ್ತಾರೆ: ಕತೆ ತಲೆಗೆ ಹತ್ತುವುದಿಲ್ಲ, ಆದರೂ ಎಷ್ಟು ಸಲ ನೋಡಿದರೂ ಬೇಸರವಿಲ್ಲ. ಇದಕ್ಕೆ ಸಾಕ್ಷಿಯಾಗಿ ಒಂದು ಪ್ರಸಂಗವೂ ಬಳಕೆಯಲ್ಲಿದೆ. ಸ್ಟರ್ನ್‌ವುಡ್ ಕುಟುಂಬದ ಕಾರು ಚಾಲಕ ಓವನ್ ಟೇಲರ್ ಸತ್ತದ್ದು ಕೊಲೆಯಿಂದಲೋ ಆತ್ಮಹತ್ಯೆಯಿಂದಲೋ ಎಂದು ಚಿತ್ರೀಕರಣದ ಹೊತ್ತಿನಲ್ಲಿ ಹಾಕ್ಸ್‌ಗೂ ನಾಯಕ ನಟ ಹಂಫ್ರಿ ಬೋಗಾರ್ಟ್‌ಗೂ ವಾದ ಹತ್ತಿತು. ಕಾದಂಬರಿಕಾರ ರೇಮಂಡ್ ಚಾಂಡ್ಲರ್‌ಗೆ ತಂತಿ ಕಳಿಸಿ ಕೇಳಿದರು. ಅವರಿಗೂ ಉತ್ತರ ಗೊತ್ತಿರಲಿಲ್ಲ. ಇದು ಬರಿಯ ದಂತಕತೆಯಲ್ಲ. 1949ರ ಪತ್ರವೊಂದರಲ್ಲಿ ಚಾಂಡ್ಲರ್ ಅವರೇ ಇದನ್ನು ನೆನೆದಿದ್ದಾರೆ.

ಪ್ರಸಂಗ ನಿಜವೇ. ಆದರೆ ಅದಕ್ಕೆ ಹೊರಲಾರದಷ್ಟು ಭಾರವನ್ನು ಹೊರಿಸಲಾಗಿದೆ. ಒಬ್ಬ ಚಾಲಕನ ಸಾವಿಗೆ ಉತ್ತರ ಸಿಗದ ಮಾತ್ರಕ್ಕೆ ಇಡೀ ಚಿತ್ರ ಗೋಜಲಾಗುವುದಿಲ್ಲ. ಚಿತ್ರದ ಅಸ್ಪಷ್ಟತೆ ಒಂದೇ ಮೂಲದಿಂದ ಬಂದದ್ದಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕೈಗಳಿಂದ, ಬೇರೆ ಬೇರೆ ಕಾರಣಕ್ಕೆ ಬಿದ್ದ ಮೂರು ಪದರಗಳು ಅದರಲ್ಲಿವೆ. ಮೊದಲನೆಯದು ಚಾಂಡ್ಲರ್ ಕಾದಂಬರಿ ಕಟ್ಟಿದ ರೀತಿಯಿಂದ ಬಂದದ್ದು, ಎರಡನೆಯದು ಹಾಲಿವುಡ್‌ನ ಸ್ವಯಂ ಸೆನ್ಸಾರ್ ವ್ಯವಸ್ಥೆಯಿಂದ, ಮೂರನೆಯದು 1946ರ ಜನವರಿಯ ಮರುಚಿತ್ರೀಕರಣದಿಂದ. ಮೊದಲ ಎರಡು ಪದರಗಳಲ್ಲಿ ಕತೆ ಏನನ್ನೋ ಕಳೆದುಕೊಂಡಿತು. ಮೂರನೆಯದರಲ್ಲಿ ಮಾತ್ರ ನಡೆದದ್ದು ವಿನಿಮಯ: ವಿವರಣೆಯನ್ನು ಕೊಟ್ಟು ಬೇರೊಂದನ್ನು ಪಡೆಯಲಾಯಿತು. ಅಭಿಮಾನಿಯ ಸಂತೋಷದ ಸ್ವರೂಪ ತಿಳಿಯಬೇಕಾದರೆ ಈ ಮೂರನ್ನೂ ಬಿಡಿಸಿ ನೋಡಬೇಕು ಎಂಬುದು ಈ ಟಿಪ್ಪಣಿಯ ವಾದ.

2. ಆಕರ

ಚಿತ್ರದ ಎರಡು ಪಾಠಗಳು ಇಂದು ಲಭ್ಯವಿವೆ. ವಾರ್ನರ್ ಬ್ರದರ್ಸ್ ಸ್ಟುಡಿಯೊದಲ್ಲಿ 1944ರ ಅಕ್ಟೋಬರ್‌ನಿಂದ 1945ರ ಜನವರಿಯವರೆಗೆ ಚಿತ್ರೀಕರಣಗೊಂಡು ಸಿದ್ಧವಾದದ್ದು ಮೊದಲನೆಯ ಪಾಠ. ಅವಧಿ 116 ನಿಮಿಷ. ಯುದ್ಧ ಮುಗಿಯುವ ಸೂಚನೆ ಕಾಣುತ್ತಿದ್ದ ಕಾಲವದು. ಕೈಯಲ್ಲಿದ್ದ ಯುದ್ಧಚಿತ್ರಗಳು ಹಳಸುವ ಮೊದಲೇ ಅವನ್ನು ಬಿಡುಗಡೆ ಮಾಡಬೇಕೆಂಬ ಅವಸರದಲ್ಲಿ ಸ್ಟುಡಿಯೊ ಈ ಪತ್ತೇದಾರಿ ಚಿತ್ರವನ್ನು ತಡೆಹಿಡಿಯಿತು. ಸಾಗರೋತ್ತರ ನೆಲೆಗಳಲ್ಲಿದ್ದ ಅಮೆರಿಕನ್ ಸೈನಿಕರಿಗೆ ಮಾತ್ರ ಇದನ್ನು ತೋರಿಸಲಾಯಿತು. 1946ರ ಆಗಸ್ಟ್‌ನಲ್ಲಿ ಸಾರ್ವಜನಿಕರ ಮುಂದೆ ಬಂದದ್ದು ಎರಡನೆಯ ಪಾಠ. ಅವಧಿ 114 ನಿಮಿಷ. ಸುಮಾರು ಅರ್ಧ ಶತಮಾನ ಲೋಕಕ್ಕೆ ಗೊತ್ತಿದ್ದದ್ದು ಇದೊಂದೇ.

ಹಳೆಯ ಪಾಠವನ್ನು ಯುಸಿಎಲ್‌ಎ ವಿಶ್ವವಿದ್ಯಾಲಯದ ಚಿತ್ರಸಂಗ್ರಹಾಲಯ ಪುನರುದ್ಧರಿಸಿತು. 1997ರಲ್ಲಿ ಅದು ಚಿತ್ರಮಂದಿರಗಳಿಗೆ ಬಂತು. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆ ಪಟ್ಟಿಗೆ ಈ ಚಿತ್ರ ಸೇರಿದ್ದೂ ಅದೇ ವರ್ಷ. ಸಂಗ್ರಹಾಲಯದ ಸಂರಕ್ಷಕ ರಾಬರ್ಟ್ ಗಿಟ್ ಎರಡು ಪಾಠಗಳನ್ನೂ ಅಕ್ಕಪಕ್ಕ ಇಟ್ಟು ವಿವರಿಸಿದ ಸಾಕ್ಷ್ಯಚಿತ್ರ ಡಿವಿಡಿಯ ಜೊತೆ ಹೊರಬಂದ ಮೇಲೆ, ಸಂಗ್ರಹಾಲಯದ ಬಾಗಿಲು ತಟ್ಟದ ಸಾಮಾನ್ಯ ನೋಡುಗರೂ ಪಾಠಾಂತರಗಳನ್ನು ತಾವೇ ಪರಿಶೀಲಿಸುವಂತಾಯಿತು.

ಎರಡರ ಅವಧಿಯಲ್ಲಿ ವ್ಯತ್ಯಾಸ ಇರುವುದು ಎರಡೇ ನಿಮಿಷ. ಈ ಅಂಕಿ ನೋಡಿ ಬದಲಾವಣೆ ಅಲ್ಪವೆಂದುಕೊಂಡರೆ ಮೋಸಹೋಗುತ್ತೇವೆ. ಹೊರಹೋದ ದೃಶ್ಯಗಳಷ್ಟೇ ಉದ್ದದ ಹೊಸ ದೃಶ್ಯಗಳು ಒಳಬಂದದ್ದರಿಂದ ಮೊತ್ತ ಬಹುತೇಕ ಸಮವಾಗಿ ಉಳಿದಿದೆ.

3. ಮೊದಲ ಪದರ: ಎರಡು ಕತೆಗಳ ಬೆಸುಗೆ

ಚಾಂಡ್ಲರ್ ಅವರ ಕಾದಂಬರಿ 1939ರಲ್ಲಿ ಪ್ರಕಟವಾಯಿತು. ‘ಬ್ಲ್ಯಾಕ್ ಮಾಸ್ಕ್’ ಎಂಬ ಅಗ್ಗದ ಪತ್ತೇದಾರಿ ಪತ್ರಿಕೆಗೆ ತಾವೇ ಬರೆದಿದ್ದ ‘ಕಿಲ್ಲರ್ ಇನ್ ದಿ ರೇನ್’ (1935), ‘ದಿ ಕರ್ಟನ್’ (1936) ಎಂಬ ಎರಡು ನೀಳ್ಗತೆಗಳನ್ನು ಬೆಸೆದು ಅದನ್ನು ಕಟ್ಟಿದ್ದರು. ಮೊದಲನೆಯದರಲ್ಲಿ ಕಾರ್ಮೆನ್ ಎಂಬ ಯುವತಿ, ಅವಳನ್ನು ಸಿಕ್ಕಿಸಿಕೊಂಡ ಅಶ್ಲೀಲ ಪುಸ್ತಕದ ವ್ಯಾಪಾರಿ ಮತ್ತು ಬ್ಲ್ಯಾಕ್‌ಮೇಲ್ ಇವೆ. ಕಾರಿನೊಡನೆ ಸಮುದ್ರ ಸೇರುವ ಚಾಲಕನ ಸಾವೂ ಅಲ್ಲಿಯದೇ. ಎರಡನೆಯದರಲ್ಲಿ ಆರ್ಕಿಡ್ ಗಿಡಗಳ ಗಾಜಿನಮನೆಯಲ್ಲಿ ಕೂತ ವೃದ್ಧ ಜನರಲ್ ಇದ್ದಾನೆ, ಕಾಣೆಯಾದ ಅವನ ಅಳಿಯನ ಹುಡುಕಾಟವಿದೆ. ಅಲ್ಲಿ ಕೊಲೆಗಾರ ಜನರಲ್‌ನ ಮೊಮ್ಮಗ. ಕಾದಂಬರಿಯಲ್ಲಿ ಚಾಂಡ್ಲರ್ ಆ ಹುಡುಗನನ್ನು ಕೈಬಿಟ್ಟು, ಮೊದಲ ಕತೆಯ ಕಾರ್ಮೆನ್‌ಳನ್ನು ಜನರಲ್ ಸ್ಟರ್ನ್‌ವುಡ್‌ನ ಮಗಳಾಗಿಸಿ, ಕೊಲೆಯನ್ನು ಅವಳ ಕೈಗಿತ್ತರು.

ಬೆಸುಗೆ ಎಲ್ಲಿದೆ ಎಂಬುದು ಕಾದಂಬರಿಯಲ್ಲೇ ಕಾಣುತ್ತದೆ. ಗೈಗರ್ ಎಂಬ ಪುಸ್ತಕ ವ್ಯಾಪಾರಿಯ ಪ್ರಕರಣ ನಡುಭಾಗಕ್ಕೆ ಬರುವಾಗಲೇ ಮುಗಿದುಹೋಗುತ್ತದೆ. ಆಮೇಲೆ ಜನರಲ್‌ನ ಕಾಣೆಯಾದ ಅಳಿಯ ರಸ್ಟಿ ರೀಗನ್ ಏನಾದನೆಂಬ ಹೊಸ ಪ್ರಶ್ನೆ ಏಳುತ್ತದೆ. ಆದರೂ ಕಾದಂಬರಿ ಕುಸಿಯುವುದಿಲ್ಲ. ಏಕೆಂದರೆ ಅದನ್ನು ಹೇಳುವವನು ಪತ್ತೇದಾರ ಫಿಲಿಪ್ ಮಾರ್ಲೋ. ಅವನ ದನಿ ಎರಡು ಕತೆಗಳನ್ನೂ ಒಂದೇ ಅನುಭವವಾಗಿ ಹಿಡಿದಿಡುತ್ತದೆ. ಜೊತೆಗೆ, ಸರ್ಕಾರಿ ವಕೀಲ ವೈಲ್ಡ್‌ನ ಮನೆಯಲ್ಲಿ ಮಾರ್ಲೋ ಅದುವರೆಗಿನ ಘಟನೆಗಳನ್ನು ಜೋಡಿಸಿ ಹೇಳುವ ಅಧ್ಯಾಯವೊಂದಿದೆ. ಬೆಸುಗೆಯ ಜಾಗಕ್ಕೆ ಹಾಕಿದ ಬಿಗಿ ಅದು.

ಚಿತ್ರದಲ್ಲಿ ಮಾರ್ಲೋನ ನಿರೂಪಣೆ ಇಲ್ಲ. ‘ಡಬಲ್ ಇಂಡೆಮ್ನಿಟಿ’ (1944), ಚಾಂಡ್ಲರ್ ಅವರದೇ ಕಾದಂಬರಿಯಿಂದ ಬಂದ ‘ಮರ್ಡರ್, ಮೈ ಸ್ವೀಟ್’ (1944) ಮುಂತಾದ ಸಮಕಾಲೀನ ಫಿಲ್ಮ್ ನ್ವಾರ್‌ಗಳು ಹಿನ್ನೆಲೆ ದನಿಯನ್ನೂ ಹಿನ್ನೋಟವನ್ನೂ ಬಳಸಿದವು. ಹಾಕ್ಸ್ ಎರಡನ್ನೂ ದೂರವಿಟ್ಟರು. ಅವರ ಮಾರ್ಲೋ ಬಹುತೇಕ ಪ್ರತಿ ದೃಶ್ಯದಲ್ಲೂ ಇದ್ದಾನೆ. ಅವನು ಕಂಡದ್ದನ್ನಷ್ಟೇ ನಾವು ಕಾಣುತ್ತೇವೆ. ಆದರೆ ಅವನ ತಲೆಯಲ್ಲಿ ಏನು ನಡೆಯುತ್ತಿದೆಯೆಂದು ಯಾರೂ ನಮಗೆ ಹೇಳುವುದಿಲ್ಲ. ಹೀಗಿರುವಾಗ ವಕೀಲನ ಮುಂದಿನ ವಿವರಣೆಯ ಮಹತ್ವ ಕಾದಂಬರಿಯಲ್ಲಿದ್ದುದಕ್ಕಿಂತ ಚಿತ್ರದಲ್ಲಿ ಹೆಚ್ಚು. ಈ ಅಂಶ ಮುಂದಿನ ಚರ್ಚೆಗೆ ಮುಖ್ಯ.

4. ಎರಡನೆಯ ಪದರ: ಸೆನ್ಸಾರ್ ನಿಯಮಾವಳಿ

1934ರಿಂದ ಜೋಸೆಫ್ ಬ್ರೀನ್ ನೇತೃತ್ವದಲ್ಲಿ ಬಿಗಿಯಾಗಿ ಜಾರಿಗೆ ಬಂದ ನಿರ್ಮಾಣ ಸಂಹಿತೆ ಈ ಕಾದಂಬರಿಯ ಆಧಾರಗಳನ್ನೇ ನಿಷೇಧಿಸುವಂತಿತ್ತು. ಗೈಗರ್ ಅಶ್ಲೀಲ ಪುಸ್ತಕಗಳನ್ನು ಬಾಡಿಗೆಗೆ ಕೊಡುವವನು ಎಂಬುದು ಕಾದಂಬರಿಯಲ್ಲಿ ಸ್ಪಷ್ಟ. ಚಿತ್ರದಲ್ಲಿ ಅವನ ಅಂಗಡಿಯ ಹಿಂಬದಿಯಲ್ಲಿ ಏನು ನಡೆಯುತ್ತದೆಂದು ಯಾರೂ ಬಾಯಿಬಿಡುವುದಿಲ್ಲ. ಗೈಗರ್‌ಗೂ ಅವನ ಮನೆಯಲ್ಲಿದ್ದ ತರುಣ ಲಂಡ್‌ಗ್ರೆನ್‌ಗೂ ಇರುವ ಸಂಬಂಧವನ್ನು ಮುಚ್ಚಿಟ್ಟದ್ದರಿಂದ, ಲಂಡ್‌ಗ್ರೆನ್ ಗೈಗರ್‌ನ ಕೊಲೆಯ ಸೇಡಿಗಾಗಿ ಬ್ಲ್ಯಾಕ್‌ಮೇಲ್ ಮಾಡುತ್ತಿದ್ದ ಬ್ರೋಡಿ ಎಂಬವನನ್ನು ಗುಂಡಿಟ್ಟು ಕೊಂದಾಗ ನೋಡುಗನಿಗೆ ಅದು ಎಲ್ಲಿಂದಲೋ ಬಂದ ಸಾವಿನಂತೆ ತೋರುತ್ತದೆ. ಕಾದಂಬರಿಯಲ್ಲಿ ಕ್ಯಾಮೆರಾದ ಮುಂದೆ ಬೆತ್ತಲೆಯಾಗಿ ಕೂತಿದ್ದ ಕಾರ್ಮೆನ್ ಚಿತ್ರದಲ್ಲಿ ಚೀನೀ ಶೈಲಿಯ ರೇಷ್ಮೆ ಉಡುಪು ತೊಟ್ಟಿದ್ದಾಳೆ. ಉಡುಪು ತೊಟ್ಟವಳ ಫೋಟೊಗೆ ಇಷ್ಟೊಂದು ಹಣ ಏಕೆ, ಇಷ್ಟೊಂದು ಹೆಣ ಏಕೆ ಎಂಬ ಪ್ರಶ್ನೆಗೆ ಚಿತ್ರದಲ್ಲಿ ಉತ್ತರ ಸಿಗದು.

ಅಂತ್ಯದಲ್ಲಿ ಈ ಒತ್ತಡ ಇನ್ನೂ ಹೆಚ್ಚು. ರೀಗನ್‌ನನ್ನು ಕೊಂದವಳು ಕಾರ್ಮೆನ್ ಎಂಬುದು ಕಾದಂಬರಿಯ ಕೊನೆಯ ಸತ್ಯ. ಜೂಜುಕೇಂದ್ರದ ಒಡೆಯ ಎಡ್ಡಿ ಮಾರ್ಸ್ ಅಲ್ಲಿ ಶಿಕ್ಷೆಯಿಲ್ಲದೆ ಉಳಿಯುತ್ತಾನೆ. ಅಪರಾಧಿಗೆ ತೆರೆಯ ಮೇಲೇ ತಕ್ಕ ಶಾಸ್ತಿಯಾಗಬೇಕೆಂದು ಸಂಹಿತೆ ಕೇಳುತ್ತಿತ್ತು. ಆದ್ದರಿಂದ ಚಿತ್ರದಲ್ಲಿ ಮಾರ್ಸ್ ತನ್ನದೇ ಬಂಟರ ಗುಂಡಿಗೆ ಬಾಗಿಲಲ್ಲಿ ಬಲಿಯಾಗುತ್ತಾನೆ, ಹೊಣೆಯೂ ಅವನ ತಲೆಗೆ ಸುತ್ತಿಕೊಳ್ಳುತ್ತದೆ. ಕಾರ್ಮೆನ್‌ಳನ್ನು ಚಿಕಿತ್ಸೆಗೆ ಕಳಿಸಬೇಕೆಂಬ ಮಾತು ಬರುತ್ತದೆ. ಅವಳು ಮಾಡಿದ್ದೇನೆಂಬುದು ಅರ್ಧ ಬಾಯಲ್ಲಿ ಉಳಿಯುತ್ತದೆ.

ಮೇಲಿನ ಎರಡೂ ಪದರಗಳು ಎರಡು ಪಾಠಗಳಿಗೂ ಸಮಾನ. 1945ರ ಪಾಠ ಸಿಕ್ಕಿದಾಗ ಅದರಲ್ಲಿ ಎಲ್ಲ ಗಂಟುಗಳಿಗೂ ಬಿಡಿಕೆ ಇರಬಹುದೆಂದು ನಿರೀಕ್ಷಿಸಿದವರಿಗೆ ನಿರಾಶೆಯಾದದ್ದು ಈ ಕಾರಣಕ್ಕೇ.

5. ಮೂರನೆಯ ಪದರ: 1946ರ ವಿನಿಮಯ

ಮರುಚಿತ್ರೀಕರಣಕ್ಕೆ ಕಾರಣ ಕತೆಯಲ್ಲ, ನಟಿ. ಲಾರೆನ್ ಬಕಾಲ್ ತಮ್ಮ ಮೊದಲ ಚಿತ್ರ ‘ಟು ಹ್ಯಾವ್ ಅಂಡ್ ಹ್ಯಾವ್ ನಾಟ್’ನಲ್ಲಿ (1944) ಬೋಗಾರ್ಟ್ ಎದುರು ತೋರಿದ ಉಡಾಫೆಯಿಂದ ಒಮ್ಮೆಲೇ ತಾರೆಯಾಗಿದ್ದರು. 1945ರ ಮೇ ತಿಂಗಳಲ್ಲಿ ಇಬ್ಬರೂ ಮದುವೆಯಾದರು. ಅದೇ ವರ್ಷದ ನವೆಂಬರ್‌ನಲ್ಲಿ ಚಾರ್ಲ್ಸ್ ಬೊಯೆ ಜೊತೆ ಬಕಾಲ್ ನಟಿಸಿದ ‘ಕಾನ್ಫಿಡೆನ್ಷಿಯಲ್ ಏಜೆಂಟ್’ ಬಿಡುಗಡೆಯಾಯಿತು. ವಿಮರ್ಶಕರು ಅವರ ಅಭಿನಯವನ್ನು ಕಟುವಾಗಿ ಟೀಕಿಸಿದರು. ಆಗ ಅವರ ಏಜೆಂಟ್ ಚಾರ್ಲ್ಸ್ ಫೆಲ್ಡ್‌ಮನ್ ಸ್ಟುಡಿಯೊ ಮುಖ್ಯಸ್ಥ ಜ್ಯಾಕ್ ವಾರ್ನರ್‌ಗೆ ಪತ್ರ ಬರೆದು, ಇನ್ನೂ ಬಿಡುಗಡೆಯಾಗದ ‘ದಿ ಬಿಗ್ ಸ್ಲೀಪ್’ನಲ್ಲಿ ಬೋಗಾರ್ಟ್–ಬಕಾಲ್ ಜೋಡಿಗೆ ಹಿಂದಿನ ಚಿತ್ರದ ದಿಟ್ಟತನವಿರುವ ಕೆಲವು ಹೊಸ ದೃಶ್ಯಗಳು ಬೇಕೆಂದೂ, ಬಕಾಲ್ ಮುಖಕ್ಕೆ ವೇಲ್ ಹಾಕಿಕೊಂಡಿದ್ದ ದೃಶ್ಯವನ್ನು ಮತ್ತೆ ತೆಗೆಯಬೇಕೆಂದೂ ಒತ್ತಾಯಿಸಿದರು. ವಾರ್ನರ್ ಒಪ್ಪಿದರು. 1946ರ ಜನವರಿಯಲ್ಲಿ ಹಾಕ್ಸ್ ಅವರೇ ಹೊಸ ದೃಶ್ಯಗಳನ್ನು ಚಿತ್ರೀಕರಿಸಿದರು.

ಈ ಹಂತದಲ್ಲಿ ಆದ ಬದಲಾವಣೆಗಳಲ್ಲಿ ಮೂರು ಗಮನಾರ್ಹ. ಮೊದಲನೆಯದು, ಚಿತ್ರದ ನಡುಭಾಗದಲ್ಲಿದ್ದ ಸರ್ಕಾರಿ ವಕೀಲರ ಕಚೇರಿಯ ದೀರ್ಘ ದೃಶ್ಯ ಪೂರ್ತಿಯಾಗಿ ಹೊರಹೋಯಿತು. ಮಾರ್ಲೋ, ಅವನ ಸ್ನೇಹಿತ ತನಿಖಾಧಿಕಾರಿ ಓಲ್ಸ್, ವಕೀಲ ವೈಲ್ಡ್, ಪೊಲೀಸ್ ಕ್ಯಾಪ್ಟನ್ ಕ್ರೋನ್‌ಯೇಗರ್ ಕೂತು ಗೈಗರ್ ಮತ್ತು ಬ್ರೋಡಿ ಕೊಲೆಗಳ ಎಳೆ ಬಿಡಿಸುವ ದೃಶ್ಯವದು. ಕಾದಂಬರಿಯ ಅಧ್ಯಾಯದಿಂದ ನೇರವಾಗಿ ಬಂದದ್ದು. ಅದು ಹೋದಾಗ ವೈಲ್ಡ್, ಕ್ರೋನ್‌ಯೇಗರ್ ಪಾತ್ರಗಳೇ ಚಿತ್ರದಿಂದ ಮಾಯವಾದವು. ಎರಡನೆಯದು, ಜನರಲ್‌ನ ಇನ್ನೊಬ್ಬ ಮಗಳು ವಿವಿಯನ್ ಪಾತ್ರದ ಬಕಾಲ್ ಮತ್ತು ಮಾರ್ಲೋ ಪಾತ್ರದ ಬೋಗಾರ್ಟ್ ಹೋಟೆಲಿನ ಮೇಜಿನಾಚೆ ಈಚೆ ಕೂತು ಕುದುರೆ ಪಂದ್ಯದ ನೆಪದಲ್ಲಿ ಶೃಂಗಾರದ ಮಾತಾಡುವ ಹೊಸ ದೃಶ್ಯ ಸೇರಿತು. ಇದನ್ನು ಬರೆದವರು ‘ಕಾಸಾಬ್ಲಾಂಕಾ’ದ ಲೇಖಕರಲ್ಲೊಬ್ಬರಾದ ಫಿಲಿಪ್ ಎಪ್‌ಸ್ಟೈನ್ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಮೂರನೆಯದು, ಎಡ್ಡಿ ಮಾರ್ಸ್‌ನ ಹೆಂಡತಿ ಮೋನಾ ಕಾಣಿಸಿಕೊಳ್ಳುವ ಭಾಗವನ್ನು ಮತ್ತೆ ತೆಗೆಯಬೇಕಾಯಿತು. ಮೊದಲ ಪಾಠದ ನಟಿ ಪ್ಯಾಟ್ ಕ್ಲಾರ್ಕ್ ಬದಲು ಪೆಗಿ ನಡ್ಸನ್ ಬಂದರು. ಸಾಕ್ಷ್ಯವಾಗಿ ಈ ಮೂರನೆಯ ವಿವರ ಉಪಯುಕ್ತ: ಮೋನಾ ಯಾರ ಮುಖದಲ್ಲಿದ್ದಾಳೆ ಎಂಬುದರಿಂದಲೇ ಕೈಯಲ್ಲಿರುವ ಪ್ರತಿ ಯಾವ ಪಾಠದ್ದೆಂದು ಗುರುತಿಸಬಹುದು.

ಚಾಂಡ್ಲರ್ ಅವರ ಒಂದು ಅಭಿಪ್ರಾಯವನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. ಕಾರ್ಮೆನ್ ಪಾತ್ರದ ಮಾರ್ಥಾ ವಿಕರ್ಸ್ ಬಕಾಲ್‌ರನ್ನು ಮಂಕಾಗಿಸುವಷ್ಟು ಚೆನ್ನಾಗಿ ನಟಿಸಿದ್ದರು, ಅದಕ್ಕೇ ವಿಕರ್ಸ್ ಅವರ ಒಳ್ಳೆಯ ದೃಶ್ಯಗಳಿಗೆ ಕತ್ತರಿ ಬಿತ್ತು ಎಂದು ಅವರು 1946ರಲ್ಲಿ ಬರೆದರು. ಆದರೆ ಚಾಂಡ್ಲರ್ ಆಗ ಬೇರೊಂದು ಸ್ಟುಡಿಯೊದ ಒಪ್ಪಂದದಲ್ಲಿದ್ದವರು. ಈ ಚಿತ್ರದ ಸಂಕಲನದಲ್ಲಿ ಭಾಗಿಯಾಗಿರಲಿಲ್ಲ. ತಾರೆಯ ಕಡೆಗೆ ತೂಕ ವಾಲಿತೆಂಬುದಕ್ಕೆ ಅವರ ಮಾತು ಪೂರಕ ಸಾಕ್ಷ್ಯ, ಪ್ರಧಾನ ಸಾಕ್ಷ್ಯವಲ್ಲ.

ಚಿತ್ರಕತೆಗೆ ವಿಲಿಯಂ ಫಾಕ್ನರ್, ಲೀ ಬ್ರ್ಯಾಕೆಟ್, ಜೂಲ್ಸ್ ಫರ್ತ್‌ಮನ್ ಹೆಸರುಗಳಿವೆ. ಅವರು ವಿವರಣೆಯನ್ನು ಬರೆದಿದ್ದರು. ಹಾಕ್ಸ್ ಅದನ್ನು ಚಿತ್ರಿಸಿದ್ದರು. ಸೈನಿಕರು ಅದನ್ನು ನೋಡಿದ್ದರು. ಈ ಸಂಗತಿಯಿಂದ ಇನ್ನೊಂದು ಪ್ರಸಿದ್ಧ ಹೇಳಿಕೆಯನ್ನೂ ತಿದ್ದಿ ಓದಬೇಕಾಗುತ್ತದೆ. ದಶಕಗಳ ನಂತರದ ಸಂದರ್ಶನಗಳಲ್ಲಿ ಹಾಕ್ಸ್, ಈ ಕತೆಯಲ್ಲಿ ಏನು ನಡೆಯುತ್ತಿದೆಯೆಂದು ತಮಗೆ ಎಂದೂ ಗೊತ್ತಾಗಲಿಲ್ಲ, ದೃಶ್ಯಗಳು ಚೆನ್ನಾಗಿದ್ದವು, ಆಮೇಲೆ ತರ್ಕದ ಬಗ್ಗೆ ತಲೆಕೆಡಿಸಿಕೊಳ್ಳುವುದನ್ನೇ ಬಿಟ್ಟೆ ಎಂಬರ್ಥದ ಮಾತಾಡಿದ್ದಾರೆ. ಈ ನಿರ್ಲಕ್ಷ್ಯವನ್ನು ಚಿತ್ರ ತಯಾರಾದ ಕಾಲದ ಧೋರಣೆ ಎಂದು ಓದುವುದು ಸರಿಯಲ್ಲ. 1945ರ ಹಾಕ್ಸ್ ತರ್ಕಕ್ಕೆ ಒಂದಿಡೀ ದೃಶ್ಯವನ್ನು ಮೀಸಲಿಟ್ಟಿದ್ದರು. ಅದಿಲ್ಲದೆಯೂ ಚಿತ್ರ ಗೆದ್ದದ್ದನ್ನು ಕಂಡ ಮೇಲೆ ಮೂಡಿದ ನಿಲುವು ಅದು. ಗೆಲುವು ಮೊದಲು, ಸಿದ್ಧಾಂತ ಆಮೇಲೆ.

6. ನೋಡುಗರ ಸಾಕ್ಷ್ಯ

ಬಿಡುಗಡೆಯಾದಾಗ ‘ನ್ಯೂಯಾರ್ಕ್ ಟೈಮ್ಸ್’ನ ವಿಮರ್ಶಕ ಬಾಸ್ಲಿ ಕ್ರೌಥರ್ ಕತೆಯ ಗೋಜಲಿನಿಂದ ಬುದ್ಧಿ ಕಂಗಾಲಾಗುತ್ತದೆಂದು ದೂರಿದರು. ಪ್ರೇಕ್ಷಕರು ಕೇಳಲಿಲ್ಲ, ಚಿತ್ರ ಒಳ್ಳೆಯ ಹಣ ಮಾಡಿತು. 1957ರಲ್ಲಿ ಬೋಗಾರ್ಟ್ ತೀರಿಕೊಂಡ ಮೇಲೆ ಹಾರ್ವರ್ಡ್ ಸಮೀಪದ ಬ್ರಾಟಲ್ ಚಿತ್ರಮಂದಿರದಲ್ಲಿ ಅವರ ಹಳೆಯ ಚಿತ್ರಗಳಿಗೆ ವಿದ್ಯಾರ್ಥಿಗಳು ಮುಗಿಬಿದ್ದರು. ‘ಕಾಸಾಬ್ಲಾಂಕಾ’ದ ಸಂಭಾಷಣೆಯನ್ನು ತೆರೆಯ ಜೊತೆಜೊತೆಗೇ ಒಪ್ಪಿಸುವ ಪ್ರೇಕ್ಷಕವರ್ಗ ಹುಟ್ಟಿದ್ದು ಅಲ್ಲಿ. ಇಂಥ ಮರುನೋಟದ ಅಭಿಮಾನಿಗೆ ಮುಂದೇನಾಗುತ್ತದೆ ಎಂಬ ಕುತೂಹಲ ಮೊದಲ ಸಲವೇ ತೀರಿಹೋಗಿರುತ್ತದೆ. ಹತ್ತನೆಯ ಸಲ ಅವನು ಬರುವುದು ದೃಶ್ಯಗಳಿಗಾಗಿ.

‘ದಿ ಬಿಗ್ ಸ್ಲೀಪ್’ನ ದೃಶ್ಯಗಳನ್ನು ಒಂದೊಂದಾಗಿ ನೋಡಿದರೆ ಅವುಗಳಲ್ಲಿ ಗೊಂದಲವೇ ಇಲ್ಲ ಎಂಬುದು ಈ ಟಿಪ್ಪಣಿಯ ಎರಡನೆಯ ಅವಲೋಕನ. ಗಾಜಿನಮನೆಯ ಸೆಕೆಯಲ್ಲಿ ಹೊದಿಕೆ ಹೊದ್ದು ಕೂತ ಜನರಲ್, ತಾನು ಕುಡಿಯಲಾಗದ ಬ್ರಾಂದಿಯನ್ನು ಮಾರ್ಲೋ ಕುಡಿಯುವುದನ್ನು ನೋಡಿ ಸುಖಪಡುತ್ತಾನೆ. ಅವನಿಗೇನು ಬೇಕು, ಮಾರ್ಲೋಗೆ ಅವನಲ್ಲೇಕೆ ಅಕ್ಕರೆ ಎಂಬುದು ಆ ಕೆಲವೇ ನಿಮಿಷಗಳಲ್ಲಿ ತಿಳಿದುಹೋಗುತ್ತದೆ. ಡೊರೊತಿ ಮಲೋನ್ ಪುಸ್ತಕದಂಗಡಿಯ ಬಾಗಿಲು ಹಾಕಿ, ಕನ್ನಡಕ ತೆಗೆದು, ಮಳೆ ನಿಲ್ಲುವವರೆಗೆ ಮಾರ್ಲೋನನ್ನು ಉಳಿಸಿಕೊಳ್ಳುವ ದೃಶ್ಯ ಕತೆಗೆ ಅಂಥ ಅಗತ್ಯವೇನಲ್ಲ. ಆದರೆ ಅದಕ್ಕೆ ತನ್ನದೇ ಆದಿ, ಮಧ್ಯ, ಅಂತ್ಯಗಳಿವೆ. ಹ್ಯಾರಿ ಜೋನ್ಸ್ ಎಂಬ ಪುಟ್ಟ ಕಳ್ಳನನ್ನು ಬಾಡಿಗೆ ಕೊಲೆಗಾರ ಕನೀನೊ ವಿಷ ಕುಡಿಸಿ ಕೊಲ್ಲುತ್ತಾನೆ. ಮಾರ್ಲೋ ಪಕ್ಕದ ಕೋಣೆಯಲ್ಲೇ ಇದ್ದೂ ಕೇಳಿಸಿಕೊಳ್ಳುತ್ತಾನೆ, ತಡೆಯಲಾಗುವುದಿಲ್ಲ. ತಾನು ಪ್ರೀತಿಸಿದ ಹೆಂಗಸಿನ ವಿಳಾಸವನ್ನು ಜೋನ್ಸ್ ಕೊನೆಗೂ ಸುಳ್ಳೇ ಹೇಳಿ ಸತ್ತ ಎಂಬುದು ಆಮೇಲೆ ಗೊತ್ತಾಗುತ್ತದೆ. ಎಲೀಷಾ ಕುಕ್ ಜೂನಿಯರ್ ಅಭಿನಯದ ಈ ಸಾವು ಚಿತ್ರದ ಅತ್ಯಂತ ಸ್ಪಷ್ಟ ನೈತಿಕ ಕ್ಷಣ.

ಅಂದರೆ ಅಸ್ಪಷ್ಟತೆ ಇರುವುದು ದೃಶ್ಯಗಳ ಒಳಗಲ್ಲ, ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ. ಮೇಲೆ ಹೇಳಿದ ಮೂರೂ ದೃಶ್ಯಗಳು ಎರಡು ಪಾಠಗಳಲ್ಲೂ ಇವೆ. ಮೂರರಲ್ಲೂ ಬಕಾಲ್ ಇಲ್ಲ. ಹಾಗಾಗಿ 1946ರ ಬದಲಾವಣೆಯೇ ಈ ಚಿತ್ರಕ್ಕೆ ರುಚಿ ತಂದಿತೆಂದು ಹೇಳಲಾಗದು. ದೃಶ್ಯಪ್ರಧಾನತೆ ಮೊದಲಿಂದಲೂ ಹಾಕ್ಸ್ ಅವರ ಗುಣ. ಮರುಚಿತ್ರೀಕರಣ ಮಾಡಿದ್ದಿಷ್ಟೆ: ದೃಶ್ಯಗಳ ನಡುವಣ ದಾರಿಯನ್ನು ವಿವರಿಸುತ್ತಿದ್ದ ದೊಡ್ಡ ಭಾಗವನ್ನು ತೆಗೆದು, ಆ ಅವಧಿಯನ್ನೂ ದೃಶ್ಯದ ಸುಖಕ್ಕೇ ಕೊಟ್ಟಿತು.

ಕುದುರೆ ಪಂದ್ಯದ ಸಂಭಾಷಣೆಯನ್ನು ಬರಿಯ ಅಲಂಕಾರವೆಂದು ತಳ್ಳಿಹಾಕುವುದೂ ತಪ್ಪು. ವಿವಿಯನ್ ಅಲ್ಲಿಗೆ ಬರುವುದು ಮಾರ್ಲೋಗೆ ಹಣ ತೀರಿಸಿ ಪ್ರಕರಣ ಮುಗಿಯಿತೆನ್ನಲು. ಸರಸದ ನಡುವೆಯೇ ಮಾರ್ಲೋ, ಎಡ್ಡಿ ಮಾರ್ಸ್ ನಿನ್ನ ಮೇಲೆ ಯಾವ ಹಿಡಿತ ಇಟ್ಟುಕೊಂಡಿದ್ದಾನೆ ಎಂಬ ಪ್ರಶ್ನೆ ಎಸೆಯುತ್ತಾನೆ. ಅವಳ ಮುಖದ ಬಣ್ಣ ಬದಲಾಗುತ್ತದೆ. ಕೊಲೆಗಾರ ಯಾರೆಂಬ ಪ್ರಶ್ನೆ ಇಲ್ಲಿಂದ ಹಿಂದೆ ಸರಿದು, ಈ ಹೆಂಗಸು ಯಾರ ಪಕ್ಷದವಳು ಎಂಬ ಪ್ರಶ್ನೆ ಮುಂದೆ ಬರುತ್ತದೆ. ಚಿತ್ರದ ಉತ್ತರಾರ್ಧ ಈ ಎರಡನೆಯ ಪ್ರಶ್ನೆಗೆ ಕೊಡುವ ಉತ್ತರ ಸಂದೇಹಕ್ಕೆಡೆಯಿಲ್ಲದಂತಿದೆ.

7. ಯಾವುದು ಮೂಲ?

1945ರ ಪಾಠವನ್ನು ಕೆಲವು ಅಭಿಮಾನಿಗಳು ನಿರ್ದೇಶಕನ ಮೂಲ ಕೃತಿಯೆಂದೂ, 1946ರದನ್ನು ಸ್ಟುಡಿಯೊ ಕೆಡಿಸಿದ್ದೆಂದೂ ಭಾವಿಸುತ್ತಾರೆ. ಹಾಲಿವುಡ್ ಇತಿಹಾಸದಲ್ಲಿ ಇದಕ್ಕೆ ಪೂರ್ವನಿದರ್ಶನಗಳಿರುವುದರಿಂದ ಹಾಗನಿಸುವುದು ಸಹಜ. ಆರ್ಸನ್ ವೆಲ್ಸ್ ಅವರ ‘ಟಚ್ ಆಫ್ ಈವಿಲ್’ (1958) ಚಿತ್ರವನ್ನು ಯೂನಿವರ್ಸಲ್ ಅವರ ಕೈಯಿಂದ ಕಿತ್ತುಕೊಂಡು ಬೇರೆಯವರಿಂದ ದೃಶ್ಯ ಸೇರಿಸಿತು. ವೆಲ್ಸ್ ಬರೆದ 58 ಪುಟಗಳ ಟಿಪ್ಪಣಿಯನ್ನು ಅನುಸರಿಸಿ ವಾಲ್ಟರ್ ಮರ್ಚ್ 1998ರಲ್ಲಿ ಅದನ್ನು ಮತ್ತೆ ಸಂಕಲಿಸಿದರು. ‘ಕಿಸ್ ಮಿ ಡೆಡ್ಲಿ’ಯ (1955) ಕೊನೆಯ ಕ್ಷಣಗಳು ಪ್ರಚಲಿತ ಪ್ರತಿಗಳಲ್ಲಿ ತುಂಡಾಗಿದ್ದು, ನಾಯಕ ನಾಯಕಿ ಸುಡುವ ಮನೆಯಿಂದ ಸಮುದ್ರಕ್ಕೆ ಓಡಿಬರುವ ಭಾಗ 1997ರಲ್ಲಿ ಮರಳಿ ಸೇರಿತು. ಈ ಎರಡರಲ್ಲೂ ಪುನರುದ್ಧಾರವೆಂದರೆ ಆದ ಹಾನಿಯನ್ನು ಸರಿಪಡಿಸುವುದು.

‘ದಿ ಬಿಗ್ ಸ್ಲೀಪ್’ ಆ ಸಾಲಿಗೆ ಸೇರದು. ಬದಲಾವಣೆಯ ಪ್ರೇರಣೆ ಹೊರಗಿನದಾದರೂ ಕೈ ಹಾಕ್ಸ್ ಅವರದೇ. ನಟರೂ ಬಹುತೇಕ ಅವರೇ. ಕಾಲದಲ್ಲಿ ಹಿಂದಿನದೆಂಬ ಒಂದೇ ಕಾರಣಕ್ಕೆ ಪಾಠವೊಂದು ಹೆಚ್ಚು ಪ್ರಮಾಣವಾಗದು ಎಂಬುದು ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಹೊಸ ಮಾತಲ್ಲ. ಕರ್ತೃವೇ ತಿದ್ದಿದ ಎರಡನೆಯ ಪಾಠಕ್ಕೂ ಅಷ್ಟೇ ಅಧಿಕಾರವಿದೆ. 1945ರ ಪಾಠದ ಬೆಲೆ ಇರುವುದು ಅದು ಮೂಲ ಎಂಬುದರಲ್ಲಲ್ಲ. ಏನನ್ನು ಕೊಟ್ಟು ಏನನ್ನು ಪಡೆಯಲಾಯಿತೆಂಬುದನ್ನು ಅದು ದಾಖಲಿಸುತ್ತದೆ ಎಂಬುದರಲ್ಲಿದೆ.

ಇಲ್ಲೊಂದು ಆಕ್ಷೇಪ ಸಾಧ್ಯ. ಒಬ್ಬ ತಾರೆಯ ಮಾರುಕಟ್ಟೆ ಉಳಿಸಲು ಮಾಡಿದ ಕೆಲಸಕ್ಕೆ ಸೌಂದರ್ಯದ ಅರ್ಥ ಹಚ್ಚುವುದು ಅತಿಯಲ್ಲವೆ? ಉದ್ದೇಶ ವ್ಯಾಪಾರದ್ದೇ; ಫೆಲ್ಡ್‌ಮನ್ ಪತ್ರದ ಕಾಳಜಿಯೆಲ್ಲ ಬಕಾಲ್ ಅವರ ಭವಿಷ್ಯದ ಸುತ್ತ ಇತ್ತು. ಆದರೆ ಉದ್ದೇಶವನ್ನು ಕಂಡುಕೊಂಡ ಮಾತ್ರಕ್ಕೆ ಪರಿಣಾಮದ ವಿಚಾರಣೆ ಮುಗಿಯುವುದಿಲ್ಲ. ಚಾಂಡ್ಲರ್ ಕಾದಂಬರಿಯಲ್ಲಿ ಬೆಸುಗೆಯನ್ನು ಹಿಡಿದಿದ್ದು ಮಾರ್ಲೋನ ದನಿ. ಆ ದನಿಯನ್ನು ಬಿಟ್ಟುಕೊಟ್ಟ ಚಿತ್ರಕ್ಕೆ ಬೇರೊಂದು ಹಿಡಿತ ಬೇಕಿತ್ತು. 1945ರಲ್ಲಿ ಅದನ್ನು ವಕೀಲರ ಕಚೇರಿಯ ತರ್ಕದಲ್ಲಿ ಹುಡುಕಲಾಯಿತು, 1946ರಲ್ಲಿ ಇಬ್ಬರು ಮಾತುಗಾರರ ನಡುವಣ ಸೆಳೆತದಲ್ಲಿ.

8. ನಿರ್ಣಯ

ಮೇಲಿನ ಚರ್ಚೆಯಿಂದ ಮೂರು ಮಾತುಗಳನ್ನು ಹೇಳಬಹುದು. ಒಂದು, ಚಾಲಕನ ಸಾವಿನ ಪ್ರಸಂಗ ಮೊದಲ ಪದರಕ್ಕಷ್ಟೇ ಸೇರಿದ್ದು. ಇಡೀ ಚಿತ್ರದ ಗೋಜಲಿಗೆ ಅದನ್ನು ಕಾರಣವಾಗಿ ಹೇಳುವ ರೂಢಿಯನ್ನು ಕೈಬಿಡಬೇಕು. ಎರಡು, ತರ್ಕವನ್ನು ಹಾಕ್ಸ್ ಮೊದಲಿಂದಲೂ ಲೆಕ್ಕಿಸಲಿಲ್ಲ ಎಂಬುದಕ್ಕೆ 1945ರ ಪಾಠವೇ ವಿರುದ್ಧ ಸಾಕ್ಷಿ. ಮೂರು, ಕತೆ ಅರ್ಥವಾಗದಿದ್ದರೂ ಚಿತ್ರ ಸೊಗಸು ಎಂಬ ಅಭಿಮಾನಿಯ ಮಾತಿನಲ್ಲಿರುವ ‘ಆದರೂ’ ಸಡಿಲವಾದದ್ದು. ಗೈಗರ್ ಪ್ರಕರಣದ ಮಟ್ಟಿಗಾದರೂ ಅರ್ಥ ಬರೆದಿಟ್ಟಿತ್ತು, ಚಿತ್ರಿಸಿಟ್ಟಿತ್ತು. ಸೊಗಸಿಗೆ ಜಾಗ ಬೇಕಾದಾಗ ಅದನ್ನು ತೆರವು ಮಾಡಿಸಲಾಯಿತು. ಆ ಬೆಲೆಗೆ ಸಿಕ್ಕಿದ್ದು ತಕ್ಕ ವಸ್ತುವೇ ಎಂದು ತೀರ್ಪಿತ್ತವರು ಹತ್ತಾರು ಸಲ ನೋಡಿದ ಪ್ರೇಕ್ಷಕರು. ಎರಡೂ ಪಾಠಗಳು ಈಗ ಕೈಗೆ ಸಿಗುವುದರಿಂದ ಆ ತೀರ್ಪನ್ನು ಯಾರು ಬೇಕಾದರೂ ಮರುಪರಿಶೀಲಿಸಬಹುದು. 1946ರದನ್ನು ಮೊದಲು, 1945ರದನ್ನು ಆಮೇಲೆ ನೋಡುವುದು ಅದಕ್ಕೆ ಸರಿಯಾದ ಕ್ರಮ.